ತಕ್ಕಡಿ ಕೋಣೆ

ಹನ್ನೊಂದೂ ಇಪ್ಪತ್ತಕ್ಕೆ ಬಟ್ಲಹಳ್ಳಿ ಬಸ್ಸು.
ಅತ್ತೆ ಇಳಿಯುತ್ತಾರೆ, ಕಂಕುಳಲ್ಲಿ ಹನ್ವಿಕಾ,
ಮುಷ್ಟಿಯಲ್ಲಿ ಆಧಾರ್ ಕಾರ್ಡು, ಸೊನ್ನೆ ರೂಪಾಯಿಯ ಟಿಕೆಟು.
ಚಿಂತಾಮಣಿಯ ಬಿಸಿಲಲ್ಲಿ ಕಾಲೇಜು ಗೇಟಿನವರೆಗೂ
ಅವಳನ್ನು ತೆಲುಗಲ್ಲಿ ಬೈದು
ಕನ್ನಡದಲ್ಲಿ ಮುದ್ದಿಸುತ್ತಾ ಬರುತ್ತಾರೆ.

ನನಗೆ ಗಡಿಯಾರ ಬೇಕಿಲ್ಲ.
ಮೇಡಂ ಬೋರ್ಡಿನ ಮೇಲೆ ಬೆಂಜೀನಿನ ಆರು ಮೂಲೆ ಎಳೆಯುವಾಗ
ಎದೆ ಜುಮ್ಮೆನ್ನುತ್ತದೆ, ಕಲ್ಲಾಗುತ್ತದೆ, ಇಳಿಯುತ್ತದೆ.
ಎಡ ಮೊಣಕೈಯನ್ನು ಅಡ್ಡ ಒತ್ತಿ ಹಿಡಿದು
ಬಲಗೈಯಲ್ಲಿ ಎರಡು ಜೋಡಿಬಂಧ ಬರೆದುಕೊಳ್ಳುತ್ತೇನೆ.
ಮೂರನೆಯದು ಯಾವತ್ತೂ ನಾಜಿಮಾಳ ನೋಟ್ಸಿನಿಂದ.

ಮೊದಮೊದಲು ಸೈಕಲ್ ಸ್ಟ್ಯಾಂಡಿನ ಹಿಂದೆ,
ಗೋಡೆಗೆ ಮುಖ ಮಾಡಿ, ಛತ್ರಿ ಅಡ್ಡ ಇಟ್ಟು.
"ಒಂದು ವರ್ಷ ಬಿಟ್ಟು ಬರಬಹುದಿತ್ತಲ್ಲಮ್ಮ"
ಅಂದರು ಪ್ರಿನ್ಸಿಪಾಲರು, ಒಳ್ಳೆಯ ಮನಸ್ಸಿನಿಂದಲೇ.
ಕಸ ಗುಡಿಸುತ್ತಿದ್ದ ಪಿಳ್ಳಮ್ಮ ಪೊರಕೆ ನಿಲ್ಲಿಸಲಿಲ್ಲ.
ಮಾರನೆ ದಿನ ಸೊಂಟದ ಗೊಂಚಲಿಂದ
ಒಂದು ಬೀಗದಕೈ ಬಿಡಿಸಿ ಕೈಗಿಟ್ಟಳು.
"ಬ್ಯಾಲೆನ್ಸ್ ರೂಮು. ಯಾರೂ ಬರಲ್ಲ.
ಫ್ಯಾನ್ ಮಾತ್ರ ಹಾಕಬೇಡ, ಮುಳ್ಳು ಅಲ್ಲಾಡ್ತದೆ
ಅಂತ ಹಿಂದಿನ ಸಾರು ಬೈತಿದ್ರು."

ಆ ಸಾರು ನಿವೃತ್ತರಾಗಿ ಹತ್ತು ವರ್ಷವಾಯಿತಂತೆ.
ಆದರೂ ನಾನು ಫ್ಯಾನ್ ಹಾಕಿಲ್ಲ.

ಸಾಲು ಸಾಲು ಗಾಜಿನ ಪೆಟ್ಟಿಗೆ, ಒಳಗೆ ಹಿತ್ತಾಳೆಯ ತಕ್ಕಡಿ.
ತೂಕದ ಬಟ್ಟುಗಳ ಮಖಮಲ್ಲು ಡಬ್ಬಿಯಲ್ಲಿ
ಐವತ್ತು ಮಿಲಿಗ್ರಾಮಿನ ಗುಂಡಿ ಖಾಲಿ.
ಅವಳು ಕುಡಿಯುತ್ತಾಳೆ, ಬೆವರುತ್ತಾಳೆ,
ಮೂಗಿನ ಉಸಿರು ಸೆರಗಿನೊಳಗೆ ಬಿಸಿ ಕಟ್ಟುತ್ತದೆ.
ಅವಳ ತಲೆಯ ಮೇಲೆ ಒರಗಿಸಿದ ಪುಸ್ತಕದ ಪುಟ
ಅವಳೇ ಕಾಲಲ್ಲಿ ತಿರುವುತ್ತಾಳೆ,
ನಾನಿನ್ನೂ ಓದಿರುವುದಿಲ್ಲ.
ಇದಿಷ್ಟು ಗೊತ್ತಾಗಿದ್ದು ಆ ಕೋಣೆಯಲ್ಲಿ ಕೂತು:
ಎರಡೂ ತಟ್ಟೆ ಖಾಲಿ ಇದ್ದಾಗ
ಮುಳ್ಳು ಸುಮ್ಮನೆ ಸೊನ್ನೆಗೆ ಬಂದು ನಿಲ್ಲುತ್ತದೆ.
ಅದಕ್ಕೇನು ದೊಡ್ಡಸ್ತಿಕೆ.

ಅತ್ತೆಗೆ ಡಿಗ್ರಿ ಅಂದರೆ
ಡೈರಿಯಲ್ಲಿ ಹಾಲಿಗೆ ಬಿಟ್ಟು ನೋಡುವ ಗಾಜಿನ ಕಡ್ಡಿ.
ನಸುಕಲ್ಲಿ ಸೀಮೆಹಸುವಿನ ಏಳು ಲೀಟರು ಸುರಿದು ಬಂದು
"ಇವತ್ತೂ ಡಿಗ್ರಿ ಕಮ್ಮಿ ಅಂದ ಸೆಕ್ರೆಟರಿ" ಎಂದು
ಬಿಂದಿಗೆ ಕುಕ್ಕುತ್ತಾರೆ.
"ನಿಂದು ಯಾವಾಗ ಬರ್ತದೆ?" ಅಂತ ಕೇಳುತ್ತಾರೆ ನನ್ನನ್ನು.
ನಗುತ್ತೇವೆ. ಆಮೇಲೆ
"ಬೇವು ಅರೆದು ಹಚ್ಚು, ಬಿಡ್ತಾಳೆ" ಎಂದು
ಬೇರೆ ಎತ್ತಲೋ ನೋಡಿಕೊಂಡು ಹೇಳುತ್ತಾರೆ.
ಅವರ ಮೊಣಕಾಲಿಗೂ ಬಸ್ಸಿನ ಮೆಟ್ಟಿಲಿಗೂ ಆಗಿಬರುವುದಿಲ್ಲ,
ಅದನ್ನು ಮಾತ್ರ ಹೇಳುವುದಿಲ್ಲ.

ಬುಧವಾರ ಪ್ರಾಕ್ಟಿಕಲ್ ಪರೀಕ್ಷೆ.
ಬ್ಯೂರೆಟ್ಟಿನ ತುದಿಯಿಂದ ಹನಿ, ಹನಿ.
ತಿಳಿ ಗುಲಾಬಿ ಬಂದ ಕೂಡಲೇ ನಿಲ್ಲಿಸಬೇಕು,
ಹಸುಗೂಸಿನ ಉಗುರಿನಷ್ಟು ಗುಲಾಬಿ, ಅದಕ್ಕಿಂತ ಹೆಚ್ಚಲ್ಲ.
ಆಗಲೇ ಕಾರಿಡಾರಿನಲ್ಲಿ ಅಳು.
ಅವಳದಲ್ಲ, ಯಾರದೋ ಮಗು,
ಎದೆಗೆ ಆ ವ್ಯತ್ಯಾಸ ಎಲ್ಲಿ ಗೊತ್ತು.
ಕೈ ಒಂದು ಕ್ಷಣ ತಡವಾಯಿತು,
ಫ್ಲಾಸ್ಕು ಪೂರಾ ರಾಣಿ ಬಣ್ಣ.
ಬಿಳಿ ಕೋಟಿನ ಮೇಲೆ ಎರಡು ಒದ್ದೆ ವೃತ್ತ.

ಚೆಲ್ಲಿ, ತೊಳೆದು, ಮತ್ತೆ ಶುರು ಮಾಡಿದೆ.
ಹನ್ನೆರಡು ಪಾಯಿಂಟ್ ನಾಲ್ಕು.
ಮತ್ತೊಮ್ಮೆ. ಹನ್ನೆರಡು ಪಾಯಿಂಟ್ ನಾಲ್ಕು.
ಹೊರಗಿನಿಂದ ಬಂದ ಪರೀಕ್ಷಕಿ
ಸೂಚಕದ ಬಗ್ಗೆ ಕೇಳಿದರು, ತೊದಲಿದೆ.
ನಾರ್ಮಾಲಿಟಿ ಕೇಳಿದರು, ಅರ್ಧ ಹೇಳಿದೆ.
ರೆಕಾರ್ಡಿಗೆ ಸಹಿ ಹಾಕುತ್ತಾ, ತಲೆ ಎತ್ತದೆ,
"ಎಷ್ಟು ತಿಂಗಳು?"
"ಎಂಟು" ಅಂದೆ.
ಆ ಉತ್ತರಕ್ಕೆ ತಡವರಿಸಲಿಲ್ಲ.

ಕೈಯಲ್ಲಿ ಇನ್ನೂ ಕ್ಷಾರದ ಜಾರು.
ಮೂರು ಸಲ ತೊಳೆಯದೆ ಅವಳನ್ನು ಮುಟ್ಟುವ ಹಾಗಿಲ್ಲ.
ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣ.
ಈಗ ಕೇಳುತ್ತಿರುವ ಅಳು ಅವಳದೇ,
ಅತ್ತೆ ತೆಲುಗು ಮುಗಿಸಿ ಕನ್ನಡಕ್ಕೆ ಬಂದಿದ್ದಾರೆ.
ಎರಡನೇ ಸಲ ಸೋಪು ಹಚ್ಚುತ್ತಾ ಕೂಗುತ್ತೇನೆ:
ಬಂದೆ ಕಣೇ, ಬಂದೆ.