ಇನ್ನೂರ ಹನ್ನೆರಡನೇ ಬಿಲ್ಲೆ

ಹದಿನಾರು ತುಂಬಿದಾಗ ನಾನು ಇದೇ ಕಟ್ಟಡದಲ್ಲಿ
ಚಮಚ ಉಜ್ಜುತ್ತಿದ್ದೆ. ಎರಡನೇ ಮಹಡಿ, ಹೊಳೆ ಕಡೆಯ ಕಿಟಕಿ.
ತಲೆಗೆ ಕೆಂಪು ವಸ್ತ್ರ, ಮೈಗೆ ಸುತ್ತಿದ ಕಂದು ಕಾಗದ,
ಉಗುರಿನ ಸಂದಿಯಲ್ಲಿ ಮರಳು, ಎಣ್ಣೆ.
ಸಾಣೆಗೆ ಹಿಡಿದ ಒಂದೊಂದು ಚಮಚದಲ್ಲೂ
ಶೆಫೀಲ್ಡು ತಲೆಕೆಳಗಾಗಿ ಹೊಳೆಯುತ್ತಿತ್ತು.

ಎಂಬತ್ತಮೂರರಲ್ಲಿ ಬೆಲ್ಟುಗಳು ನಿಂತವು.
ಕೊರಿಯಾದ ಚಮಚ ಅಗ್ಗವಂತೆ. ಅಷ್ಟೇ ಹೇಳಿದ್ದು.
ಎಂಟು ವರ್ಷ ಅಲ್ಲಿ ಪಾರಿವಾಳಗಳ ಸಂಸಾರ.

ಆಮೇಲೆ ಬಂದವನು ಎಜೆಕೀಲ್ ಫ್ರೇಟರ್,
ಪಿಟ್ಸ್‌ಮೂರಿನ ಬಸ್ ಡ್ರೈವರನ ಮಗ.
ಪ್ಲೈವುಡ್ಡು ತಾನೇ ಕೊಯ್ದು, ಅಂಟಿಸಿ,
ಸ್ಪೀಕರುಗಳನ್ನು ಬೀರುವಿನೆತ್ತರ ಪೇರಿಸಿದ.
"ಐರಿಸ್, ಇಲ್ಲಿ ನೀವು ಏನು ಮಾಡುತ್ತಿದ್ದಿರಿ?" ಎಂದ.
ಬಫಿಂಗ್ ಎಂದೆ, ಮೆರುಗು ಕೊಡುವುದು.
ಮರುವಾರ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ: ಬಫ್.
ನನಗೆ ಕೋಟು ಕಾಯುವ ಕೆಲಸ. ಐವತ್ತು ಪೆನ್ಸಿಗೊಂದು ಕೋಟು,
ಕೋಟಿಗೊಂದು ಹಿತ್ತಾಳೆ ಬಿಲ್ಲೆ.

ಮೊದಮೊದಲು ಸಿಟ್ಟು ಬರುತ್ತಿತ್ತು.
ಪಲ್ಲವಿಯಿಲ್ಲ, ಮಾತಿಲ್ಲ, ಅಳುವುದಿಲ್ಲ, ನಗುವುದಿಲ್ಲ,
ನಾಲ್ಕರವರೆಗೆ ಮಾತ್ರ ಎಣಿಸಬಲ್ಲ ಮಗುವಿನ ಹಾಗೆ
ಬೆಳಗಿನ ತನಕ ಒಂದೇ ಪಾಠ.
ಒಂದು ರಾತ್ರಿ ಎರಡೂವರೆಗೆ, ಕೋಟುಗಳ ನಡುವೆ ಸ್ಟೂಲಿನಲ್ಲಿ
ತೂಕಡಿಸುತ್ತಿದ್ದವಳ ಕೈ ತಾನಾಗಿ ಮುಂದೆ ಹೋಯಿತು,
ಚಮಚ ಹಿಡಿದ ಹಾಗೆ.
ಬೆಲ್ಟಿನ ಹೊಲಿಗೆ ಗಾಲಿಗೆ ಬಡಿಯುವ ಟಪ್—
ಅದೇ ಅದು. ಅದೇ ಲಯ, ಅದೇ ನೆಲದ ನಡುಕ,
ಸಂಬಳ ಮಾತ್ರ ಬೇರೆ.
ಅವತ್ತಿನಿಂದ ಸಿಟ್ಟು ಬರಲಿಲ್ಲ.

ಕೋಟುಗಳು ನನಗೆ ಎಲ್ಲ ಹೇಳುತ್ತಿದ್ದವು.
ಫಿನಾಯಿಲ್ ವಾಸನೆಯ ನರ್ಸಿನದು,
ಚಿಪ್ಸು, ವಿನಿಗರಿನ ಜಿಗುಟು, ನಾಯಿಕೂದಲು,
ಅಪ್ಪನ ಕೋಟು ಕದ್ದು ತೊಟ್ಟುಬಂದ ರಾದರಮ್‌ನ ಹುಡುಗ.
ಒಳಗೆ ಅವರೆಲ್ಲ ಒಂದೇ ಬೆವರು.
ಉಕ್ಕಿನ ತೊಲೆಯಿಂದ ಅದು ತೊಟ್ಟಿಕ್ಕಿ
ಮತ್ತೆ ಅವರ ನೆತ್ತಿಗೇ ಬೀಳುತ್ತಿತ್ತು.

ತೊಂಬತ್ತಾರರಲ್ಲಿ ಕ್ಯೂ ಡಾನ್ ಹೊಳೆಯ ಸೇತುವೆ ದಾಟಿತು.
ಲೀಡ್ಸಿನಿಂದ ಬಸ್ಸು, ಲಂಡನ್ನಿನಿಂದ ಕ್ಯಾಮೆರಾ.
ಕಪ್ಪು ಕನ್ನಡಕದ ಪಾಲುದಾರನೊಬ್ಬ ಬಂದ,
ಕೋಟಿಗೆ ಒಂದೂವರೆ ಪೌಂಡು ಎಂದ,
ಕುಡಿಯುವ ನೀರು ಮಾರಲೆಂದು ನಲ್ಲಿ ಮುಚ್ಚಿಸಿದ.
ಆ ಬೇಸಿಗೆಯಲ್ಲೇ ಒಬ್ಬ ಹುಡುಗಿ ಮೆಟ್ಟಿಲ ಮೇಲೆ ಕುಸಿದಳು.
ಬದುಕಿದಳು. ನಲ್ಲಿ ತೆರೆಯಿತು, ಪಾಲುದಾರ ಹೋದ,
ಜೊತೆಗೆ ಅರ್ಧ ಕ್ಯೂ ಕೂಡ.

ಕೊಂದದ್ದು ಅದಲ್ಲ.
ಪಕ್ಕದ ಕತ್ತರಿ ಕಾರ್ಖಾನೆ ಫ್ಲ್ಯಾಟಾಯಿತು.
"ರಾತ್ರಿಯೂ ಎಚ್ಚರವಿರುವ ಬೀದಿ" ಎಂದು ಬೋರ್ಡು ಹಾಕಿ ಮಾರಿದರು;
ಕೊಂಡವರು ನಿದ್ದೆಯಿಲ್ಲ ಎಂದು ಪತ್ರ ಬರೆದರು.
ಕೌನ್ಸಿಲ್ಲಿನವನು ಅಂಗೈಯಗಲದ ಮೀಟರು ತಂದ.
ಪಾಪ, ಒಳ್ಳೆಯವನು, ಕೋಟು ಬಿಚ್ಚಿ ನನ್ನ ಕೈಗೇ ಕೊಟ್ಟ.
ಎಜೆಕೀಲ್ ಕಿಟಕಿಗಳಿಗೆ ಹಳೆ ಹಾಸಿಗೆ ತುರುಕಿದ,
ಇಟ್ಟಿಗೆ ಕಟ್ಟಿಸಿದ, ಸಾಲ ಮಾಡಿದ.
ಕೊನೆಗೆ ಗೋಡೆಗೊಂದು ಪೆಟ್ಟಿಗೆ ಬಂತು:
ಸದ್ದು ಗೆರೆ ದಾಟಿದರೆ ಕೆಂಪು ದೀಪ, ಕರೆಂಟು ಕಟ್.
ಕುಣಿಯುವವರು ಕತ್ತಲಲ್ಲಿ ಒಂದು ಕಾಲೆತ್ತಿ ನಿಂತುಬಿಡುತ್ತಿದ್ದರು,
ಕೊಕ್ಕರೆಗಳ ಹಾಗೆ.

ಎರಡು ಸಾವಿರದ ನಾಲ್ಕು, ಫೆಬ್ರವರಿ, ಭಾನುವಾರ ಬೆಳಿಗ್ಗೆ ಆರು.
ಯಾರೂ ಭಾಷಣ ಮಾಡಲಿಲ್ಲ.
ಬಿಲ್ಲೆ ಕೊಟ್ಟರು, ಕೋಟು ಕೊಟ್ಟೆ. ಬಿಲ್ಲೆ, ಕೋಟು. ಬಿಲ್ಲೆ, ಕೋಟು.
ಒಂದು ಉಳಿಯಿತು: ಇನ್ನೂರ ಹನ್ನೆರಡು.
ಬೂದಿ ಬಣ್ಣ. ಜೇಬಲ್ಲಿ ಟ್ರಾಮಿನ ಟಿಕೀಟು, ಮೂರು ಪೆಪ್ಪರ್‌ಮಿಂಟು.
ಏಳರ ತನಕ ಕಾದೆವು. ಎಜೆಕೀಲ್ ಬೀಗ ಹಾಕಿದ.

ಈಗ ಅವನಿಗೆ ಎಡಗಿವಿ ಕೇಳದು. ಗುರುವಾರ ಚಹಾಕ್ಕೆ ಬಂದರೆ
ನಾನು ಬಲಕ್ಕೆ ಕೂರುತ್ತೇನೆ.
ಕಟ್ಟಡದ ಹೆಸರು ಇನ್ನೂ ಬಫ್ ಎಂದೇ, ಅಡಿಯಲ್ಲಿ ಫ್ಲ್ಯಾಟಿನ ಬೆಲೆ.
ನನ್ನ ಕಿಟಕಿಯಲ್ಲಿ ಯಾರದೋ ಸೈಕಲ್ಲು ನೇತಾಡುತ್ತದೆ.
ಆ ಕೋಟನ್ನು ಚಳಿಗೆ ನಾನೇ ಹಾಕಿಕೊಳ್ಳುತ್ತೇನೆ.
ತೋಳು ಕೊಂಚ ಉದ್ದ. ಪೆಪ್ಪರ್‌ಮಿಂಟು ಹಾಗೇ ಇವೆ.
ಬಿಲ್ಲೆ ಹಿಡಿದು ಯಾರಾದರೂ ಬಂದರೆ
ಬಸ್ ಸ್ಟಾಪಿನಲ್ಲೇ ಬಿಚ್ಚಿ ಕೊಡುತ್ತೇನೆ.