ಹನ್ನೊಂದು ಕಿಲೋ

ಚೀಲ ನಾನೇ ಹೊಲಿದದ್ದು.
ಲಾರಿ ತಾಡಪಾಲು, ಹಳೇ ಸೀಟ್ ಬೆಲ್ಟಿನ ಪಟ್ಟಿ,
ಹೆಗಲು ಕೊರೆಯದಂತೆ ಒಳಗೆ
ಬುರ್ಖಾ ಹೊಲಿದು ಉಳಿದ ಕರೀ ಚೂರು.
ಕಿರಾಣಿ ತಕ್ಕಡಿಯಲ್ಲಿಟ್ಟರೆ ಹನ್ನೊಂದು ಕಿಲೋ.
"ಯಾರ ಮದುವಿಗ್ರೀ ಅಕ್ಕಾ, ಇಷ್ಟು ಸಾಮಾನು?"
ಅಡವಿಗೆ ಅಂದೆ.
ತಕ್ಕಡಿ ಒರೆಸುತ್ತಾ ಸುಮ್ಮನಾದ.

ಚಿಂಚೋಳಿ ದಾಟಿದ ಮೇಲೆ ಮಣ್ಣು ಬದಲಾಗುತ್ತದೆ.
ಕರಿ ಎರೆ ಮುಗಿದಲ್ಲೇ ಕೆಂಪು,
ಯಾವ ದರ್ಜಿಯೂ ಎರಡು ಬಟ್ಟೆ
ಇಷ್ಟು ಒರಟಾಗಿ ಕೂಡಿಸುವುದಿಲ್ಲ.
ನಸೀಮಾ ಬಸ್ಸಿಳಿದಾಗಿನಿಂದ ಮಾತು ನಿಲ್ಲಿಸಿಲ್ಲ:
ತನ್ನ ಬೂಟು, ಮಗಳ ಬೂಟು, ಬೂಟಿನ ರೇಟು.
ಮುಂದೆ ವಾಚರ್ ಖೇಮು ಪವಾರ,
ಕಾಲಲ್ಲಿ ಟೈರಿನ ಚಪ್ಪಲಿ,
ಜೇಬಲ್ಲಿ ನಮ್ಮ ಪರವಾನಗಿ ಚೀಟಿ, ನಾಲ್ಕು ಮಡಿಕೆ.

ಇಪ್ಪತ್ತಾರು ವರ್ಷ ತುಳಿದಿದ್ದೇನೆ.
ಬ್ರಹ್ಮಪುರದಲ್ಲಿ ಏಳಡಿ ಅಂಗಡಿ,
ಬೆಳಿಗ್ಗೆ ಒಂಬತ್ತರಿಂದ ಕರೆಂಟು ಹೋಗುವವರೆಗೆ
ಮಷೀನಿನ ಪೆಡಲು.
ಅಷ್ಟು ತುಳಿತಕ್ಕೆ ಹೈದರಾಬಾದಿಗೆ
ನೂರು ಸಲ ಹೋಗಿ ಬರಬಹುದಿತ್ತು.
ಒಂದು ಗೇಣು ಮುಂದೆ ಹೋಗಿಲ್ಲ.
ಇಲ್ಲಿ ಹೆಜ್ಜೆ ಇಟ್ಟರೆ ಮರ ಹಿಂದೆ ಬೀಳುತ್ತದೆ.
ಅದೇ ಮೋಜು ನನಗೆ, ತಿರುತಿರುಗಿ ನೋಡುತ್ತೇನೆ:
ಹಿಂದೆ ಬಿದ್ದ ಮತ್ತಿ, ಹಿಂದೆ ಬಿದ್ದ ತುಮರಿ,
ನಾನು ಕೂತು ನೀರು ಕುಡಿದ ಕಲ್ಲು.

ನಾಲ್ಕನೇ ತಾಸಿಗೆ ಹೆಗಲು ಉರಿ.
"ಏನೇನ್ ತಂದೀರಿ, ಬಿಚ್ಚಿ ತೋರಿಸ್ರಿ" ಅಂದ ಖೇಮು.
ಕಡಕ್ ರೊಟ್ಟಿ ಇಪ್ಪತ್ತು, ಶೇಂಗಾ ಹಿಂಡಿ, ಉಳ್ಳಾಗಡ್ಡಿ,
ಚಾದರ, ಬ್ಯಾಟರಿ,
ತಳದಲ್ಲಿ ಕಬ್ಬಿಣದ ಕತ್ತರಿ.
"ಇದ್ಯಾಕ್ರಿ ಅಡವ್ಯಾಗ?"
ನನಗೂ ಗೊತ್ತಿಲ್ಲ.
ಬೀಗ ಹಾಕಿದ ಮೇಲೂ
ಒಮ್ಮೆ ಎಳೆದು ನೋಡುತ್ತಾರಲ್ಲ, ಹಾಗೆ.
ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದ.

ಹಿನ್ನೀರು ಒಂದು ಬೆರಳಿನಂತೆ ಒಳಗೆ ಬಂದ ಕಡೆ
ಮೂರು ಮುತ್ತುಗದ ಮರ, ಚಾಪೆಯಷ್ಟು ಸಮ ನೆಲ.
ಸಿಗ್ನಲ್ ಇಲ್ಲ.
"ಬೆಂಕಿ ಹಚ್ಚಂಗಿಲ್ಲ."
ಅಂದರೆ ಚಹಾನೂ ಇಲ್ಲ.
ನಸೀಮಾ ಮಾತು ನಿಲ್ಲಿಸಿದ್ದು ಆಗ.

ಕತ್ತಲು ನೀರಿನಿಂದೆದ್ದು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.
ರೊಟ್ಟಿ ಮುರಿದ ಸದ್ದು ಇಡೀ ಅಡವಿಗೆ ಕೇಳಿದಂತಾಗಿ
ನಾವಿಬ್ಬರೂ ಬಾಯಲ್ಲೇ ನೆನೆಸಿ ತಿಂದೆವು.
ಖೇಮು ಕಟಕಟ ಅಗಿದ.

ನಡುರಾತ್ರಿ ಟೆಂಟಿನ ಹೊರಗೆ ಉಸಿರು.
ಹೊಸ ಬಟ್ಟೆಯ ಥಾನು ಮೂಸುವಂಥ
ನಿಧಾನದ ಉಸಿರು.
ನಸೀಮಾ ನನ್ನ ಮುಂಗೈ ಹಿಡಿದಳು, ಬಳೆ ಒಡೆಯುವಂತೆ.
ನನ್ನ ಕಾಲು ಚಾದರದೊಳಗೆ
ತಾನೇ ಪೆಡಲು ತುಳಿಯತೊಡಗಿತು:
ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು,
ಬೆಳಕು ಹರಿಯುವ ತನಕ.

ಮುಂಜಾನೆ ಕೆಸರಲ್ಲಿ ಹೆಜ್ಜೆ.
ಖೇಮು ಕುಕ್ಕರಗಾಲಲ್ಲಿ ಕೂತು ಓದಿದ:
"ಕತ್ತೆಕಿರುಬ. ಇಲ್ಲಿ ನಿಂತದ. ಚೀಲ ಮೂಸ್ಯಾದ.
ಒಂದು ಕಾಲು ಕುಂಟ್ತದ, ಮುದುಕಿ ಇರ್ಬೇಕು.
ನೀರು ಕುಡದು ತನ್ನ ದಾರಿ ಹಿಡದದ."

ಎಡಪಟ್ಟಿಯ ಬುಡದಲ್ಲಿ ಹೊಲಿಗೆ ಬಿಚ್ಚಿತ್ತು,
ಹಲ್ಲಿಗೋ, ಭಾರಕ್ಕೋ.
ಕತ್ತರಿ ತಂದವಳು ಸೂಜಿ ತಂದಿರಲಿಲ್ಲ.
ಖೇಮು ಬಳ್ಳಿಯೊಂದನ್ನು ಕತ್ತರಿಸಿದ, ನನ್ನದೇ ಕತ್ತರಿಯಲ್ಲಿ.
ಕಾಗದ ಮುಟ್ಟಿಸಿದರೂ ಬೈಯುವವಳು, ಸುಮ್ಮನಿದ್ದೆ.
ಸೀಳಿ, ಸುತ್ತಿ, ಎಳೆದು ಕಟ್ಟಿದ.
ಆ ಗಂಟು ನನಗೆ ಬಾರದ ಗಂಟು.

ಊರಿಗೆ ಬಂದು ಮೂರು ವಾರ.
ಬಳ್ಳಿ ಒಣಗಿ ಇನ್ನೂ ಬಿಗಿಯಾಗಿದೆ.
ಗೋಡೆಯ ಮೊಳೆಗೆ ನೇತುಬಿಟ್ಟ ಚೀಲ ನೋಡಿ
ಗಿರಾಕಿಗಳು ಕೇಳುತ್ತಾರೆ,
ದರ್ಜಿಯಾಗಿ ಅಷ್ಟು ಹೊಲಕೊಳ್ಳಾಕ ಆಗಿಲ್ಲೇನ್ರಿ?
ಬ್ಲೌಸು ಗುರುವಾರ ಕೊಡ್ತೀನಿ ಅನ್ನುತ್ತೇನೆ.