ಚಂದ್ರ ಕಂಡರೆ

ನಮಗೆ ಮುಂದಿನ ವರ್ಷ ಅಕ್ಟೋಬರಿನಲ್ಲೇ ಬರುತ್ತದೆ.
ಪೋರ್ಟ್ ಲೂಯಿಯ ಬಂದರಿನ ಹಿಂದೆ, ತಗಡಿನ ಚಾವಣಿಯಡಿ,
ಹನ್ನೆರಡು ತಿಂಗಳನ್ನೂ ದಾರಕ್ಕೆ ತೂಗುಹಾಕಿ
ಒಣಗಿಸುತ್ತೇವೆ, ಉಪ್ಪುಮೀನಿನ ಹಾಗೆ.

ಮೊದಲು ಕಪ್ಪು. ಕಪ್ಪು ಆರಿದ ಮೇಲೆ ಕೆಂಪು.
ಕಪ್ಪು ಎಲ್ಲರಿಗೂ ಒಂದೇ: ಸೋಮವಾರ, ಕಬ್ಬಿನಗದ್ದೆ, ಬಸ್ಸಿನ ಸಾಲು.
ಕೆಂಪಿಗೆ ಮಾತ್ರ ಒಡೆಯರು ಹಲವರು.
ಕಾವಡಿಯ ದಿನ ತಪ್ಪಿತೋ, ವೀರಾಪೆನ್ ಮನೆಯವರು ಬಾಗಿಲಲ್ಲಿ.
ಚೀನೀ ಹೊಸವರ್ಷಕ್ಕೆ ಬಳಿದ ಕೆಂಪು ಸಾಲದೆಂದು
ಅಂಗಡಿಯ ಆ-ಕಿಯೊಂಗ್ ಪ್ರತಿ ಸಲವೂ ಗೊಣಗುತ್ತಾನೆ.
ಈದ್‌ನ ಪಕ್ಕ ಒಂದು ಚುಕ್ಕಿ, ಹಾಳೆಯ ಕೆಳಗೆ
ಇರುವೆಯಷ್ಟು ಅಕ್ಷರದಲ್ಲಿ:
ಚಂದ್ರ ಕಂಡರೆ.
ನಾನು ಅಚ್ಚು ಹಾಕಿದ್ದರಲ್ಲೆಲ್ಲ ನನಗೆ ಇಷ್ಟವಾದ ಸಾಲು ಅದು.
ಸರ್ಕಾರ ಆಕಾಶಕ್ಕೆ ಬಿಟ್ಟುಕೊಟ್ಟ ಒಂದೇ ಜಾಗ.

ನನ್ನ ಹೆಸರು ಮಿರೆಲ್ ಫೆವ್ರಿಯೆ.
ಫೆವ್ರಿಯೆ ಅಂದರೆ ಫೆಬ್ರವರಿ.
ನಗಬೇಡಿ. ನಮ್ಮ ಬೀದಿಯಲ್ಲಿ ಒಬ್ಬ ಗುರುವಾರ ಇದ್ದಾನೆ,
ಮೀನು ಮಾರುವವಳ ಮನೆತನ ಜುಲೈ.
ಮಡಗಾಸ್ಕರಿನಿಂದಲೋ ಮೊಜಾಂಬಿಕ್‌ನಿಂದಲೋ
ಹಡಗಿನ ಹೊಟ್ಟೆಯಲ್ಲಿ ಬಂದವಳಿಗೆ
ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು.
ಗುಮಾಸ್ತ ಕೇಳಲಿಲ್ಲ. ಅಥವಾ ಕೇಳಿದ, ನಾಲಿಗೆ ತಿರುಗಲಿಲ್ಲ.
ಗೋಡೆ ನೋಡಿದ. ಗೋಡೆಯ ಮೇಲೊಂದು ತಿಂಗಳಿತ್ತು.
ಗೋಡೆ, ಗುಮಾಸ್ತ, ಇಷ್ಟೂ ನನ್ನ ಊಹೆ;
ಪುಸ್ತಕದಲ್ಲಿ ಉಳಿದದ್ದು ಹೆಸರು,
ಹೆಸರಿನ ಪಕ್ಕ ಬೆಲೆ.

ನಾನು ಕೆಲಸಕ್ಕೆ ಸೇರಿದಾಗ ಫೆಬ್ರವರಿ ಒಂದು ಕಪ್ಪಾಗಿಯೇ ಇತ್ತು.
ಬೇಡಿ ಬಿಚ್ಚಿದ ದಿನವೆಂದು ಅಜ್ಜಿಗೆ ಗೊತ್ತಿತ್ತು,
ಕ್ಯಾಲೆಂಡರಿಗೆ ಗೊತ್ತಿರಲಿಲ್ಲ.
ಅವತ್ತು ಅವಳಿಗೆ ಜ್ವರ. ವರ್ಷಕ್ಕೊಮ್ಮೆ,
ತಾರೀಕು ತಪ್ಪದೆ ಬರುವ ಜ್ವರ.
ದೊರೆಸಾನಿಯ ಬಟ್ಟೆ ಒಗೆಯದೆ ಬಿದ್ದಿರುತ್ತಿತ್ತು.
ಲ ಮೋರ್ನ್ ಬೆಟ್ಟದತ್ತ ತಿರುಗಿ ಕೂತು ಹೇಳುತ್ತಿದ್ದಳು:
ಓಡಿಹೋದವರು ಅದರ ನೆತ್ತಿಯಲ್ಲಿ ಅಡಗಿದ್ದರಂತೆ,
ಬಿಡುಗಡೆಯಾಯಿತೆಂದು ಹೇಳಲು ಪೊಲೀಸರು ಹತ್ತಿದರಂತೆ,
ಅಂಗಿಯ ಗುಂಡಿ ಬಿಸಿಲಿಗೆ ಮಿಂಚಿದ್ದು ಕಂಡು
ಹಾರಿಬಿಟ್ಟರಂತೆ ಕಡಲಿಗೆ.
ಸಂತೋಷದ ಸುದ್ದಿಗೂ ಅದೇ ಬೂಟು, ನೋಡು.
ಅಂತೆ ಅಂತೆ ಅನ್ನುತ್ತಲೇ ಅಕ್ಕಿ ಆರಿಸುತ್ತಿದ್ದಳು,
ಒಂದು ಕಲ್ಲೂ ಬಿಡದೆ.

ಕೊನೆಗೊಂದು ವರ್ಷ ಆದೇಶ ಬಂತು, ಅಜ್ಜಿ ಹೋದ ಮೇಲೆ.
ಫೆಬ್ರವರಿ ಒಂದು ಕೆಂಪು.
ನವೆಂಬರ್ ಎರಡೂ ಕೆಂಪು, ಕೂಲಿಗಳ ಹಡಗು ಬಂದದ್ದಕ್ಕೆ.
ಯಂತ್ರದ ಆಚೆ ಬದಿಗೆ ಬಿಸೂನ್ ನಿಂತಿದ್ದ.
ಅವನ ಮುತ್ತಜ್ಜನ ಕೊರಳಿಗೆ ಒಂದು ನಂಬರು ಕಟ್ಟಿದ್ದರು.
ನಿನ್ನದೊಂದು ತಿಂಗಳು, ನನ್ನದೊಂದು ಅಂಕಿ,
ಸೇರಿದರೆ ತಾರೀಕಾಯಿತಲ್ಲ ಮಿರೆಲ್, ಅಂದ.
ಮಧ್ಯಾಹ್ನದವರೆಗೂ ನಕ್ಕೆವು.
ಆಮೇಲೆ ಯಾಕೋ ಇಬ್ಬರೂ ಮಾತಾಡಲಿಲ್ಲ.

ಆ ಗಲಿಬಿಲಿಯಲ್ಲಿ ಕಪ್ಪು ಫಲಕದ ಒಂದನ್ನು
ಅಳಿಸಲು ಮರೆತೆ. ಕೆಂಪು ಅದರ ಮೇಲೇ ಕೂತಿತು,
ಕೂದಲೆಳೆಯಷ್ಟು ಸರಿದು.
ನಾಲ್ಕು ಸಾವಿರ ಹಾಳೆ ರದ್ದಿಗೆ, ದುಡ್ಡು ನನ್ನ ಸಂಬಳದಿಂದ.
ಒಂದನ್ನು ಲಂಗದ ಮಡಿಕೆಯಲ್ಲಿ ಮನೆಗೆ ತಂದೆ.

ನಿನ್ನೆ ಮೊಮ್ಮಗಳು ಆನೈಸ್ ಶಾಲೆಯ ಲೆಕ್ಕಪತ್ರ ತಂದಳು:
ಈ ರಜೆ ಏಕೆ? ಐದು ವಾಕ್ಯಗಳಲ್ಲಿ ಬರೆಯಿರಿ.
ಪೆಟ್ಟಿಗೆಯ ತಳದಿಂದ ಹಳೇ ಹಾಳೆ ತೆಗೆದು ಹರಡಿದೆ.
ಕೆಂಪನ್ನು ಉಗುರಿನಿಂದ ಕೆರೆದು ನೋಡಿದಳು.
ಅಜ್ಜಿ, ಇದರ ಕೆಳಗೂ ಒಂದಿದೆ.
ಇದೆ ಮಗಾ, ಅಂದೆ.

ಅವಳಿಗೆ ಐದು ವಾಕ್ಯ ಆಗಲಿಲ್ಲ, ಮೂರೇ.
ಉಳಿದ ಜಾಗದಲ್ಲಿ ಬೆಟ್ಟ ಬರೆದಳು, ಬೂಟಿಲ್ಲದ ಬೆಟ್ಟ.
ಮೇಲೆ ತನ್ನ ಹೆಸರು, ಆನೈಸ್ ಫೆವ್ರಿಯೆ,
ಪಕ್ಕದಲ್ಲೊಂದು ಚುಕ್ಕಿ.
ಕನ್ನಡಕ ಹುಡುಕಿ ತಂದು ಓದಿದೆ.
ಹಾಳೆಯ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ:
ನಿಜವಾದದ್ದು ಸಿಕ್ಕರೆ.